ವಾಪಸು ಬೇಕಾದ ಅರ್ಜಿ

ಕಾಚಿಗುಡ, ಹೈದರಾಬಾದ್
೧೪ ಫೆಬ್ರವರಿ ೧೯೭೧

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮಾಲಕರಾದ ಅಮೃತಪ್ಪನವರಿಗೆ ನಮಸ್ಕಾರ.

ಕೋಚ್ ಶರಣಪ್ಪನವರನ್ನು ತೆಗೆಯಬೇಕೆಂದು ಅರವತ್ತು ಅಭಿಮಾನಿಗಳ ಸಹಿಯೊಡನೆ ಹೋದ ತಿಂಗಳು ನಿಮಗೆ ಅರ್ಜಿ ಬರೆದವನು ನಾನೇ. ನೆಲಕ್ಕಂಟಿದ ಸಣ್ಣ ಪಾಸುಗಳಿಂದ ಗೆಲ್ಲುತ್ತಿದ್ದ ತಂಡ ಚೆಂಡನ್ನು ಆಕಾಶಕ್ಕೆ ಒದೆಯತೊಡಗಿತ್ತು. ಎದುರಾಳಿಗಳ ಗೋಲಿನ ಮುಂದೆ, ಓಡಲಾರದ ನಿಮ್ಮ ಅಳಿಯ ನಿಂತಿರುತ್ತಿದ್ದ. ನೀವು ಮರುದಿನವೇ ಕೋಚ್‌ರನ್ನು ತೆಗೆದಿರಿ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಅವರು ಹೊರಗೆ ಬರಲಿಲ್ಲ. ಅವರ ಹೆಂಡತಿ ಶಿವದೇವಿ ಚಹಾ ಕೊಟ್ಟು, ನಿಮ್ಮ ಕೈಬರಹದ ಚೀಟಿಗಳನ್ನು ನನ್ನ ಮುಂದಿಟ್ಟರು. ಪ್ರತಿ ಪಂದ್ಯಕ್ಕೂ ಒಂದು: ‘ಅಳಿಯನನ್ನು ಮುಂದೆ ನಿಲ್ಲಿಸಿರಿ, ಚೆಂಡು ಎತ್ತರದಿಂದ ಅವನಿಗೇ ಬರಲಿ.’

“ಇದನ್ನ ನಮಗ್ಯಾಕ ತೋರಿಸಲಿಲ್ರಿ?” ಎಂದೆ.

“ಇವರು, ‘ಮಾಲಕರ ಹೆಸರು ಹೇಳಿದ್ರ ಕ್ಲಬ್ ಮುಚ್ಚತಾರ, ಮಂದಿ ನನ್ನ ಬೈದ್ರ ಬೈಲಿ’ ಅಂತಿದ್ರು.”

ದಯವಿಟ್ಟು ಆ ಅರ್ಜಿಯನ್ನು ನನಗೆ ವಾಪಸು ಕಳಿಸಿರಿ. ಅದನ್ನು ಅವರೆದುರು ಹರಿದುಹಾಕಬೇಕಾಗಿದೆ. ಬರುವ ಭಾನುವಾರದ ಪಂದ್ಯಕ್ಕೆ ಗೇಟಿನಲ್ಲಿ ಅವರನ್ನು ತಡೆಯಬಾರದೆಂದೂ ಹೇಳಿರಿ. ಟಿಕೆಟು ನಾವೇ ಕೊಳ್ಳುತ್ತೇವೆ, ಅವರು ನಮ್ಮ ನಡುವೆ ಕೂರಲಿ. ಅವರು ಬಾರದಿದ್ದರೂ ನಾವು ಅರವತ್ತು ಮಂದಿ ಬರುತ್ತೇವೆ. ಯಾರ ಹೆಸರು ಹಿಡಿದು ಕೂಗಬೇಕೆಂದು ಈಗ ಗೊತ್ತಾಗಿದೆ.

ಇಂತು, ಅರ್ಜಿಯಲ್ಲಿ ಮೊದಲ ಸಹಿ ಹಾಕಿದ
ವಾಸುದೇವ