ಹೊರುವವಳು ನಾನು

ರೀ,

ಹೊಸನಗರದ ಬಸ್ಸಿಗೆ ಹೊರಟು ಬ್ಯಾಗ್ ಎತ್ತಿದರೆ ಮೇಲೇಳಲೇ ಇಲ್ಲ. ಬಿಚ್ಚಿ ನೋಡಿದೆ. ನನ್ನ ಹಗುರದ ಸ್ಲೀಪಿಂಗ್ ಬ್ಯಾಗ್ ಮಾಯ, ಅದರ ಜಾಗದಲ್ಲಿ ನಿಮ್ಮ ಹಾಸಿಗೆಯಂಥ ದಪ್ಪದ್ದು. ನಿಮ್ಮನ್ನು ಯಾರು ಕೇಳಿದ್ದರು?

"ಇಷ್ಟು ತೆಳ್ಳಗಿರೋದು ಚಳಿ ತಡೀತದಾ ಮಾರಾಯ್ತಿ?" ಅಂತ ಅಂಗಡಿಯಲ್ಲೇ ಗೊಣಗಿದ್ದಿರಿ. ತಡೆಯುತ್ತದೆ. ಅದನ್ನು ತಿಳಿಯಲೆಂದೇ ಒಂದು ರಾತ್ರಿ ಅಂಗಳದಲ್ಲಿ ಅದರೊಳಗೆ ಮಲಗಿ ನೋಡಿದ್ದು. ನೀವು ಕಿಟಕಿಯಲ್ಲಿ ನಿಂತು ನಗುತ್ತಿದ್ದಿರಿ. ಹೊಸನಗರದಿಂದ ತೀರ್ಥಹಳ್ಳಿವರೆಗೆ ಗುಡ್ಡ ಹತ್ತಿಳಿದು ನಡೆಯುವವಳು ನಾನು. ಮನೆಯಲ್ಲಿ ಕೂತವರ ಹೆದರಿಕೆಯನ್ನೂ ನಾನೇ ಹೊರಬೇಕಾ?

ನನ್ನದು ನಿಮ್ಮ ಬೀರುವಿನಲ್ಲಿ ಪ್ಯಾಂಟುಗಳ ಹಿಂದೆ ಸಿಕ್ಕಿತು. ಬಟ್ಟೆಯೆಲ್ಲ ನೆಲದ ಮೇಲಿದೆ, ನೀವೇ ಮಡಚಿಡಿ. ಸಾರು ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿಕೊಳ್ಳಿ, ತಣ್ಣಗಿದ್ದದ್ದನ್ನೇ ಸುರಿದುಕೊಂಡು ಆಮೇಲೆ ಕೆಮ್ಮಬೇಡಿ.

ದಪ್ಪದ್ದರೊಳಗೆ ನೀವು ಸುತ್ತಿಟ್ಟಿದ್ದ ಮಂಡಿನೋವಿನ ಮುಲಾಮು ಮಾತ್ರ ತೆಗೆದುಕೊಂಡಿದ್ದೇನೆ. ಅಷ್ಟಕ್ಕೆ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ.

ದಪ್ಪದ್ದನ್ನು ಮಂಚದ ಮೇಲೆ, ನಾನು ಮಲಗುವ ಕಡೆ ಬಿಚ್ಚಿ ಹಾಸಿದ್ದೇನೆ. ಈ ವಾರ ಅದು ಬೇಕಾಗುವುದು ನಿಮಗೆ.

ಹೇಮಾವತಿ