ಗುಡ್ಡದ ಊರಿನ ಹೆಂಚಿನ ಮನೆ

ತಂಗೀ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದ್ದಾಗಲೂ ನನ್ನ ಅಕ್ಷರ ನೋಡಿ, "ಕೋಳಿ ಕೆದಕಿದ ಹಾಗಿದೆ ಕಣಣ್ಣ" ಎಂದು ಮಡಿಸಿಡುತ್ತಿದ್ದವಳು ನೀನು.

ಇವತ್ತು ನಿನ್ನ ಮಗಳ ಜೊತೆ ಗುಡ್ಡದ ಮೇಲಿನ ಊರಿಗೆ ಹೋಗಿ ಬಾಡಿಗೆ ಮನೆ ನೋಡಿ ಬಂದೆ. ಮೂರು ಬೇಸಿಗೆ ನೀನು ಹೋಗೋಣವೆಂದು ಕೇಳಿದ ಊರೇ. "ಬಿಸಿಲಿಗೆ ಹೆದರಿ ಯಾರಾದ್ರೂ ಊರು ಬಿಡ್ತಾರೇನೇ?" ಎಂದು ನಗಾಡಿ ತಡೆದವನು ನಾನೇ.

ಮಧ್ಯಾಹ್ನ ಮೂರಕ್ಕೆ ಪಡುವಣ ಗೋಡೆ ಮುಟ್ಟಿ ಮನೆಯ ಗುಣ ಹೇಳುವ ಗಂಡು ನಾನೊಬ್ಬನೇ ತಾನೆ? ಮುಟ್ಟಿದೆ. ಹಸುವಿನ ಮೂತಿಯಂತೆ ತಣ್ಣಗಿತ್ತು.

ಮನೆಯೊಡತಿ ನಕ್ಕಳು. "ಇಲ್ಲಿ ಫ್ಯಾನಿಗೆ ಕೊಕ್ಕೇನೇ ಹಾಕ್ಸಿಲ್ಲ ಯಜಮಾನ್ರೇ."

"ನಾನು ಹೊದಿಸಿದ ಮಾಡಿನ ಕೆಳಗೂ ಅಷ್ಟೇ ಕಣಮ್ಮ, ಬೆಂಕಿ ಸುರಿದ್ರೂ ತಂಪು!" ಎಂದುಬಿಟ್ಟೆ. ಹಳೇ ಚಾಳಿ.

ನಿನ್ನ ಮಗಳು ನನ್ನ ಕಡೆ ತಿರುಗಲಿಲ್ಲ. "ಮೇಲೆ ತಗಡಾ?" ಎಂದು ಮನೆಯೊಡತಿಯನ್ನೇ ಕೇಳಿದಳು.

"ಇಲ್ಲಮ್ಮ, ಹೆಂಚು. ಕೆಳಗೆ ಮರದ ಹಲಗೆ ಇದೆ."

"ಹಾಗಾದ್ರೆ ಇದೇ ಇರ್ಲಿ."

ನಿನ್ನ ಮಹಡಿ ಕೋಣೆಗೆ ತಗಡು ಹೊದಿಸಿದಾಗ, ಒಳಗೆ ಹಲಗೆ ಹೊಡಿ ಎಂದು ನೀನೂ ಹೇಳಿದ್ದೆ. ನನ್ನ ಕೆಲಸಕ್ಕೆ ಹಲಗೆ ಬೇರೆ ಬೇಕಾ ಎಂದಿದ್ದೆ. ಹೋದ ಬೇಸಿಗೆ ಆ ಕೋಣೆಯಿಂದ ನಿನ್ನನ್ನು ಇಳಿಸುವಾಗ ಉಸಿರು ನಿಂತಿತ್ತು, ಮೈ ಇನ್ನೂ ಸುಡುತ್ತಿತ್ತು.

ಬಸ್ಸಿನಲ್ಲಿ ಕೇಳಿದೆ: "ಮಾಮನ ಕೋಣೆ ಯಾವುದೇ?"

"ಇರೋದು ಎರಡೇ ಮಾಮ."

ಮೂರಿದ್ದವು. "ಸರಿ ಬಿಡು, ನನ್ನಂಥ ಕೆಲಸಗಾರನ್ನ ನಮ್ಮೂರು ಬಿಟ್ಟುಕೊಡುತ್ತಾ?" ಎಂದೆ.

ನಾಡಿದ್ದು ಸಾಮಾನು ಸಾಗಿಸಲು ಕರೆದಿದ್ದಾಳೆ. ಅದೇ ಸಂಜೆಯ ಬಸ್ಸಿಗೆ ನನ್ನ ವಾಪಸು ಟಿಕೆಟ್ ಈಗಲೇ ತೆಗೆಸಿಟ್ಟಿದ್ದಾಳೆ.