ಕರಡಿ, ಕಂಬ ಮತ್ತು ಕೊನೆಯ ಖೋ

ಆಸ್ಪರಿ
ಭಾನುವಾರ, ಮಧ್ಯಾಹ್ನ

ನನ್ನ ದಸ್ತಗಿರಮ್ಮನಿಗೆ,

ಅವ್ವನ ಹಣೆಯ ಮೇಲೆ ಗಾಯದ ಗುರುತು ಇದೆಯೇ ಎಂದು ನಿನ್ನ ಮಗಳು ಮೌನಿಕಾಳನ್ನು ಕೇಳಿದೆ. "ಐತ್ರಿ, ನಿಮಗ ಹೆಂಗ ಗೊತ್ತು?" ಎಂದು ಕಣ್ಣು ಅರಳಿಸಿದಳು. ಅಲ್ಲಿಗೆ ನೀನೇ ಎಂದು ಖಾತ್ರಿಯಾಯಿತು. ನಿನ್ನ ಮಗಳು ಮನೆಯಲ್ಲಿ ದಿನಾ ಬೈದುಕೊಳ್ಳುವ ಆ ಪಿಟಿ ಮೇಡಂ ನಾನೇ ಕಣೇ. ಆಲೂರು ಹಾಸ್ಟೆಲಿನಲ್ಲಿ ನಿನ್ನ ಚಾಪೆಯ ಮುಕ್ಕಾಲು ಭಾಗ ಆಕ್ರಮಿಸಿಕೊಂಡು ಮಲಗುತ್ತಿದ್ದ ಶಿವಲೀಲಾ. ಜೂನ್‌ನಲ್ಲಿ ಈ ಶಾಲೆಗೆ ವರ್ಗವಾಗಿ ಬಂದೆ. ಹೆಸರಿನ ಪಟ್ಟಿಯಲ್ಲಿ ತಾಯಿಯ ಹೆಸರು ನೋಡಿದಾಗಲೇ ಅನುಮಾನ ಬಂದಿತ್ತು, ಹುಡುಗಿ ನಿನ್ನ ಹಾಗೇ ಕತ್ತು ಓರೆ ಮಾಡಿಕೊಂಡು ಓಡುವುದನ್ನು ನೋಡಿದ ಮೇಲೆ ಅದು ಬಲವಾಯಿತು.

ಆ ಹುಡುಗಿ ಓಡುವುದನ್ನು ನೀನು ನೋಡಿದ್ದೀಯಾ? ಹತ್ತಿ ಬಿಡಿಸಲು ಕರೆದಾಗ ತಪ್ಪಿಸಿಕೊಂಡು ಓಡುವುದಲ್ಲ, ಖೋಖೋ ಅಂಕಣದಲ್ಲಿ ಓಡುವುದು. ಹದಿನೈದು ವರ್ಷದಿಂದ ಸೀಟಿ ಊದುತ್ತಿದ್ದೇನೆ, ಇಂಥ ಕಾಲು ನೋಡಿಲ್ಲ. ಮುಂದಿನ ಶನಿವಾರ ಆದವಾನಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಇದೆ. ಗುರುವಾರದೊಳಗೆ ಮನೆಯವರ ಸಹಿ ಆಗಬೇಕು. ಒಪ್ಪಿಗೆ ಪತ್ರ ಕೊಟ್ಟು ಕಳಿಸಿದರೆ, ಹಾಗೇ ಖಾಲಿ ವಾಪಸು ತಂದಳು. ತಲೆ ಬಗ್ಗಿಸಿಕೊಂಡು ಒಪ್ಪಿಸಿದಳು: "ನಮ್ಮವ್ವ ಒಲ್ಲೆ ಅಂದ್ಳ್ರಿ. ನನ್ನಿಂದ ಒಂದ್ಸಲ ಇಡೀ ಹಾಸ್ಟೆಲಿನ ಮಾನ ಹೋಗೈತಿ, ಇನ್ನ ಮಗಳಿಂದ ಬ್ಯಾಡ ಅಂದ್ಳ್ರಿ."

ಆ ಮಾತು ಸುಳ್ಳು ದಸ್ತಗಿರಿ. ಮಾನ ಕಳೆದದ್ದು ನೀನಲ್ಲ.

ಕೊಂಡಮ್ಮ ವಾರ್ಡನ್ ಕೋಣೆಯ ಟಿವಿ ನೆನಪಿದೆಯಾ? ಭಾನುವಾರ ಬಟ್ಟೆ ಒಗೆದು ಹರವಿದ ಮೇಲೆ ಒಂದು ಗಂಟೆ ನಮಗೆ ಟಿವಿ. ಆಕೆಯ ತಮ್ಮ ಆದವಾನಿಯಿಂದ ತಂದುಕೊಟ್ಟ ಒಂದೇ ಒಂದು ಸಿಡಿ, ಅದರಲ್ಲಿ ಅಜ್ಜ ಮುತ್ತಜ್ಜರ ಕಾಲದ ಪುಟ್ಟ ಪುಟ್ಟ ಕಾರ್ಟೂನ್ ಚಿತ್ರಗಳು. ಒಂದು ದಪ್ಪ ಕರಡಿ, ಅದಕ್ಕೆ ಜಗತ್ತಿನ ಆಟಗಳನ್ನೆಲ್ಲ ಆಡುವ ಹುಚ್ಚು. ಹಿಂದಿನಿಂದ ಯಾರೋ ದೊಡ್ಡ ಮನುಷ್ಯರು ಗಂಭೀರವಾಗಿ ಇಂಗ್ಲಿಷಿನಲ್ಲಿ ಆಟದ ನಿಯಮ ಹೇಳುವುದು, ಕರಡಿ ಅದನ್ನು ಶ್ರದ್ಧೆಯಿಂದ ಪಾಲಿಸಿ ದಬಕ್ಕನೆ ಬೀಳುವುದು. ನಮಗೆ ಆ ಇಂಗ್ಲಿಷಿನ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದಕ್ಕೆ ನೀನು ಟಿವಿಯ ದನಿ ಇಳಿಸಿ ನಿನ್ನದೇ ಶುರು ಮಾಡುತ್ತಿದ್ದೆ: "ಈಗ ನಮ್ಮ ಕರಡಿ ದೊರಿ ಉದ್ದನ ಕೋಲು ಹಿಡದಾರ. ಚೂಡಂಡಿ, ನೋಡ್ರಿ, ಎಷ್ಟು ಗತ್ತಿಲೆ ಓಡಾಕ ಹತ್ಯಾರ! ಹಾರಿದ್ರು! ಕೋಲು ಈ ಕಡಿಗೈತಿ, ದೊರಿ ಆ ಕಡಿಗದಾರ, ಚಡ್ಡಿ ಮ್ಯಾಲೇ ಐತಿ!" ನಾವು ಇಪ್ಪತ್ತು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದೆವು. ಬಾಗಿಲಲ್ಲಿ ನಿಂತ ಕೊಂಡಮ್ಮ ಬೈಯಲು ಬಾಯಿ ತೆರೆದು, ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋಗಿಬಿಡುತ್ತಿದ್ದಳು.

ಆ ಕರಡಿ ಐಸಿನ ಮೇಲೆ ಜಾರಿ ಗೋಡೆಗೆ ಬಡಿದು ರೊಟ್ಟಿಯಷ್ಟು ಚಪ್ಪಟೆಯಾದರೂ ಮರುಕ್ಷಣ ಮೈ ಕೊಡವಿಕೊಂಡು ಮತ್ತೆ ಆಟಕ್ಕೆ ನಿಲ್ಲುತ್ತಿತ್ತು. ಬಿದ್ದೆ, ಇನ್ನು ಮನೆಗೆ ನಡೆ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ನಿನಗೆ ಮಾತ್ರ ಹೇಳಿದರು.

ಆದವಾನಿಯಲ್ಲಿ ನಮ್ಮ ಹಾಸ್ಟೆಲ್ ತಂಡದ ಖೋಖೋ ಫೈನಲ್. ಕೊನೆಯ ನಿಮಿಷ. ಅವರ ಒಬ್ಬಳು ಓಟಗಾರ್ತಿ ಉಳಿದಿದ್ದಳು, ನಮಗೆ ಒಂದು ಅಂಕ ಬೇಕಿತ್ತು. ಅಟ್ಟಿಸಿಕೊಂಡು ಹೋಗುತ್ತಿದ್ದವಳು ನೀನು, ಕಂಬಕ್ಕೆ ಹತ್ತಿರದ ಕೊನೆಯ ಚೌಕದಲ್ಲಿ ಕೂತವಳು ನಾನು. ಅವಳನ್ನು ಮುಟ್ಟಲು ನೀನು ಕಂಬದತ್ತ ಹಾರಿದೆ, ಅವಳು ನುಣುಚಿಕೊಂಡಳು, ನಿನ್ನ ಹಣೆ ಕಂಬಕ್ಕೆ ಬಡಿಯಿತು. ಬಡಿದ ಮೇಲೆ ನೀನು ಸುಮ್ಮನೆ ಬೀಳಬಾರದಿತ್ತೇ? ಕೈಕಾಲು ನಾಲ್ಕೂ ಕಂಬಕ್ಕೆ ಸುತ್ತಿಕೊಂಡು, ಮೆಳ್ಳಗಣ್ಣು ಮಾಡಿಕೊಂಡು, ಮೆಲ್ಲಗೆ, ಬಲು ಮೆಲ್ಲಗೆ ಕೆಳಗೆ ಜಾರಿದೆ. ಥೇಟ್ ಕರಡಿ ದೊರಿ! ಇಡೀ ಮೈದಾನ ಗೊಳ್ಳೆಂದಿತು.

ಮುಂದಿನದನ್ನು ಯಾರೂ ನೋಡಲಿಲ್ಲ. ನೀನು ಎದ್ದೆ. ಹಣೆಯಿಂದ ರಕ್ತ ಇಳಿಯುತ್ತಿದ್ದರೂ ನನ್ನ ಹಿಂದೆ ಬಂದು, ಬೆನ್ನು ಮುಟ್ಟಿ "ಖೋ" ಎಂದೆ. ಓಟಗಾರ್ತಿ ನನ್ನ ಎದುರಿಗೇ, ಕೈಗೆಟುಕುವಷ್ಟು ದೂರದಲ್ಲಿ ನಿಂತು ತಾನೂ ನಗುತ್ತಿದ್ದಳು. ನಾನು ಎದ್ದು ಕೈ ಚಾಚಿದ್ದರೆ ಸಾಕಿತ್ತು. ನಾನು ಏಳಲಿಲ್ಲ. ನಗು ತಡೆಯಲಾಗದೆ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದೆ. ಅಷ್ಟರಲ್ಲಿ ಆಟ ಮುಗಿದ ಸೀಟಿ ಊದಿದರು.

ನಮ್ಮ ಪಿಟಿ ಮೇಷ್ಟ್ರು ಪಂಪಣ್ಣ ಸಾರು ಎಲ್ಲರೆದುರು ನಿನ್ನನ್ನು ನಿಲ್ಲಿಸಿ ಬೈದರು: "ಆಟ ಅಂದ್ರ ನಿನಗ ನಗಚಾಟ್ಲಿ ಆಗೈತೇನು? ನಾಳಿಂದ ಗ್ರೌಂಡಿಗೆ ಬರಬ್ಯಾಡ." ನೀನು ನನ್ನ ಕಡೆ ನೋಡಿದೆ. ನಾನು ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ವಾರದೊಳಗೆ ನಿನ್ನ ಅಪ್ಪ ಬಂದು ಟ್ರಂಕು ಹೊತ್ತುಕೊಂಡು ನಿನ್ನನ್ನು ಕರೆದೊಯ್ದ. ಜಿಲ್ಲಾ ತಂಡದಲ್ಲಿ ನಿನ್ನ ಹೆಸರು ಹೊಡೆದು ನನ್ನದು ಬರೆದರು. ನಿನ್ನ ಅಳತೆಯ ಅಂಗಿ ನನಗೆ ಮೊಣಕಾಲಿನವರೆಗೆ ಬರುತ್ತಿತ್ತು. ಅದನ್ನೇ ತೊಟ್ಟು ಆಡಿದೆ, ಆ ಸರ್ಟಿಫಿಕೇಟಿನ ಮೇಲೆ ಕಾಲೇಜು ಸಿಕ್ಕಿತು, ಕೆಲಸವೂ ಸಿಕ್ಕಿತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ ಕಣೇ.

ಮೊನ್ನೆ ಪಂಪಣ್ಣ ಸಾರನ್ನು ಹುಡುಕಿಕೊಂಡು ಆದವಾನಿಗೆ ಹೋಗಿದ್ದೆ. ನಿವೃತ್ತರಾಗಿದ್ದಾರೆ, ಸ್ಟೇಷನ್ ಹಿಂದಿನ ಓಣಿಯಲ್ಲಿ ಮನೆ, ಮೀಸೆ ಪೂರ್ತಿ ಬೆಳ್ಳಗಾಗಿದೆ. ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾಯುತ್ತಿದ್ದರೆ, ಚಹದ ಲೋಟ ಕೆಳಗಿಟ್ಟು ಹೇಳಿದರು: "ತಪ್ಪು ನಂದೂ ಐತಿ ಶಿವಲೀಲಾ. ಆಕಿ ಕಂಬ ತೆಕ್ಕಿಬಡದು ಜಾರಿದಾಗ ನಾನೂ ನಕ್ಕೆ. ಬಾಯಾಗ ಸೀಟಿ ಇತ್ತು, ಯಾರಿಗೂ ಕಾಣಲಿಲ್ಲ. ನಕ್ಕಿದ್ದಕ್ಕ ಸಿಟ್ಟು ಜಾಸ್ತಿ ಬಂತು, ಆಕಿ ಮ್ಯಾಲ ಹಾಕಿದೆ." ಆಮೇಲೆ ಕೇಳಿದರು, "ಆಕಿ ಹಣಿ ನೆಟ್ಟಗಾತೇನು?" ಗುರುತು ಉಳಿದಿದೆಯಂತೆ ಸಾರ್ ಎಂದೆ.

ನಿನ್ನೆ ಸಂಜೆ ಮೈದಾನದಲ್ಲಿ ಹುಡುಗಿಯರನ್ನೆಲ್ಲ ಕೂರಿಸಿ ಇದನ್ನೇ ಹೇಳಿದೆ. ಬರೀ ಹೇಳಲಿಲ್ಲ, ಈ ವಯಸ್ಸಿನಲ್ಲಿ, ಈ ಮೈ ಹೊತ್ತುಕೊಂಡು, ಕಂಬ ತಬ್ಬಿ ಜಾರಿ ತೋರಿಸಿದೆ. ಸೀರೆ ಸಿಕ್ಕಿಕೊಂಡು ನಿಜವಾಗಿಯೂ ಬಿದ್ದೆ. ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಮೌನಿಕಾ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಬಂದು ನನ್ನ ಸೆರಗಿನ ಮಣ್ಣು ಕೊಡವುತ್ತ ಕೇಳಿದಳು: "ಹಂಗಾದ್ರ ನಮ್ಮವ್ವ ಸೋಲಿಸಿಲ್ಲೇನ್ರಿ ಮೇಡಂ?"

"ಇಲ್ಲ ತಾಯಿ, ನಾನು ಸೋಲಿಸಿದ್ದು" ಎಂದೆ.

ಸೆರಗಿನ ಉಳಿದ ಮಣ್ಣನ್ನೂ ಕೊಡವಿದಳು. ಆಮೇಲೆ ಹೇಳಿದಳು: "ನಾನು ಹೇಳಿದ್ರ ಅವ್ವ ನಂಬಂಗಿಲ್ರಿ. ಬರದು ಕೊಡ್ರಿ."

ಬರೆದು ಕೊಟ್ಟಿದ್ದೇನೆ. ಒಪ್ಪಿಗೆ ಪತ್ರ ಜೊತೆಗೇ ಇದೆ. ಅದರ ಮೇಲೆ ಸಹಿ ಬೀಳಲಿ, ಬೀಳದಿರಲಿ, ಇದನ್ನು ಮಾತ್ರ ನಿನ್ನ ಮಗಳಿಂದ ಗಟ್ಟಿಯಾಗಿ ಒಮ್ಮೆ ಓದಿಸಿ ಕೇಳು. ಬಾಗಿಲು ತೆರೆದಿಟ್ಟೇ ಕೇಳು, ಓಣಿಯವರಿಗೂ ಕೇಳಲಿ.

ನೀನು ನಗುನಗುತ್ತಾ ನೂರು ಕಾಲ ಇರು. ನಿನ್ನ ಬೈಗುಳಕ್ಕೆ ಕಾಯುತ್ತಿರುವ,

ಶಿವಲೀಲಾ